ಪಕ್ಕದವಳ ದನಿ

ಎಯೆಂಗಾ ಒಡೆದ ಕಾಯಿಚಿಪ್ಪುಗಳನ್ನು ಎರಡೂ ಕಿವಿಗೆ ಕವುಚಿಕೊಂಡು, ಪಪ್ಪಾಯಿ ಎಲೆಯ ಉದ್ದನೆ ತೊಟ್ಟನ್ನು ಮೈಕಿನಂತೆ ಮುಂದಕ್ಕೆ ಚಾಚಿ, ಮೂಗಿನ ಮೇಲಿಂದ ಜಾರುವ ಇಲ್ಲದ ಕನ್ನಡಕವನ್ನು ಆಗಾಗ ಮೇಲೇರಿಸುತ್ತ ಬಿಡಾರದ ಅಂಗಳದ ತುಂಬ ತಿರುಗುತ್ತಿದ್ದಳು. ನಡಿಗೆಯೂ ಅವಳದಲ್ಲ. ಮೊಣಕಾಲು ಮಡಿಸದೆ ಹೋಗಿ ಬೇರಿಗೆ ಎಡವಿ, ಎಡವಿದ್ದಕ್ಕೆ ಬೇರಿನ ಹತ್ತಿರವೇ ಕ್ಷಮೆ ಕೇಳಿ, ಮುಂದಿನ ಬೇರಿಗೆ ಮತ್ತೆ ಎಡವುವ ನಡಿಗೆ. ಸುತ್ತ ಕೂತ ಹೆಂಗಸರು ಹೊಟ್ಟೆ ಹಿಡಿದುಕೊಂಡು ನೆಲಕ್ಕುರುಳಿದ್ದರು. ಎಯೆಂಗಾಳ ತಮ್ಮನ ಹೆಂಡತಿ ಡಿಂಬಾ ಹಸಿ ಬಾಣಂತಿ; ನಗುವಿನ ಹೊಡೆತಕ್ಕೆ ಮೊಲೆ ತಪ್ಪಿದ ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚುತ್ತಿದ್ದಳು.

"ಸಾಕು ಬಿಡಕ್ಕ. ನಕ್ಕೂ ನಕ್ಕೂ ಹಾಲೇ ಬತ್ತೋಗುತ್ತೆ," ಎಂದಳು.

ಎಯೆಂಗಾ ತೊಟ್ಟನ್ನು ತಂದು ಅವಳ ಬಾಯಿಯ ಮುಂದೆ ಹಿಡಿದಳು. ಮೂಗಿನಿಂದ ಹೊರಟು ಮೂಗಿಗೇ ಮರಳುವ ದನಿಯಲ್ಲಿ, "ಡಿಂಬಾ ಅವರೇ, ತಾವು ದಯಮಾಡಿ ಒಂದ್ಸಲ ಸೀನಿ," ಎಂದಳು. "ಈಗ ನಾನೂ ಸೀನ್ತೀನಿ. ನಿಮ್ಮ ಹಾಗೇ ಸೀನಿದೆನಾ? ಸಿಂಬಳ ಅಷ್ಟೇ ಬಂತಾ?"

ಆಮೇಲೆ ಎಯೆಂಗಾ ಸಾಲಿನ ನಡುವೆ ತೂರಿ ಕೂತಳು. ಡಿಂಬಾ ಒಂದು ಸೊಲ್ಲು ಎತ್ತಿದಳು. ಎಯೆಂಗಾ ಅವಳ ಕಿವಿಗೆ ಕಿವಿ ತಾಗಿಸಿ ಅದೇ ಸೊಲ್ಲನ್ನು, ಅದೇ ಎತ್ತರದಲ್ಲಿ, ನೆರಳಿನಂತೆ ಹಾಡಿದಳು. ಡಿಂಬಾ ಬೇರೆಯದಕ್ಕೆ ಹಾರಿದರೆ ಎಯೆಂಗಾಳೂ ಹಾರಿದಳು. ಅದನ್ನು ನೋಡಿ ಉಳಿದವರಿಗೂ ಹುರುಪು ಬಂತು. ಇಡೀ ಸಾಲು ಒಂದೇ ಸೊಲ್ಲಿಗೆ ಗಂಟುಬಿದ್ದು ಒಂದೇ ಬಾಯಿಯಾಗಿ ಒದರತೊಡಗಿತು. ಬಾಯಾಕಾ ಜನದ ಹೆಂಗಸರು ಹಾಗೆ ಹಾಡಿದ್ದನ್ನು ಕಾಡು ಎಂದೂ ಕೇಳಿರಲಿಲ್ಲ. ಮರದ ಮೇಲಿನ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದುಕೊಂಡು ಬೇರೆ ಮರಕ್ಕೆ ಹೋಯಿತು.

ಅಷ್ಟರಲ್ಲಿ ನಿಜವಾದ ಕನ್ನಡಕ, ನಿಜವಾದ ಎಡವುವ ಕಾಲು ತೊರೆಯ ದಾರಿಯಿಂದ ನೀರಿನ ಪಾತ್ರೆ ಹೊತ್ತು ಬಂದವು.

ಅವಳ ಹೆಸರು ಇಲ್ಡಿಕೊ. ಹಂಗೇರಿ ಎಂಬ ದೇಶದಿಂದ ಲೊಬಾಯೆ ಹೊಳೆಯ ಈ ಕಾಡಿಗೆ ಹಾಡು ಕಲಿಯಲು ಬಂದಿದ್ದಳು. ಬಿಡಾರದ ನಾಲಿಗೆ ಆ ಹೆಸರನ್ನು ಜಗಿದು ಮೆತ್ತಗೆ ಮಾಡಿ "ಇಡ್ಕೋ" ಎಂದು ಉಗುಳಿತ್ತು. ಪಕ್ಕದವರ ಬಾಯಿಂದ ಬಿದ್ದದ್ದನ್ನೆಲ್ಲ ಎತ್ತಿ ಇಟ್ಟುಕೊಳ್ಳುವವಳಿಗೆ ಅದು ಒಪ್ಪುವ ಹೆಸರೇ. ಊರಿನ ರೈತರನ್ನು ಗೊರಿಲ್ಲಾ ಎಂದೂ ಬಿಳಿಯರನ್ನು ಕೆಂಪು ಕಾಡುಹಂದಿ ಎಂದೂ ಬೆನ್ನ ಹಿಂದೆ ಕರೆಯುವ ಜನ, ಮುಖಕ್ಕೆ ಮುಖ ಕೊಟ್ಟು ಹೆಸರು ಕೂಗುತ್ತಿದ್ದಾರೆ ಎಂದರೆ ಅದೇ ದೊಡ್ಡ ಮರ್ಯಾದೆ.

ಯಾರಾದರೂ ತಪ್ಪಿದರೆ ಹೆಂಗಸರು ಅವರಂತೆಯೇ ನಟಿಸಿ ತೋರಿಸುವುದು ಅಲ್ಲಿಯ ಪದ್ಧತಿ. ಬಯ್ಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ತಪ್ಪಿದವನು ಬಂದು ಜೊತೆಗೆ ಕೂತು ನಕ್ಕರೆ ಆಟ ಮುಗಿಯಿತು. ಮುಖ ಊದಿಸಿಕೊಂಡು ಹೋದರೆ ಅವನು ನಗುವ ತನಕ ದಿನವೂ ಆಟ. ಕಾಡಿನ ಜನಕ್ಕೆ ಕಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಲ್ಡಿಕೊಗೆ ಈ ಪದ್ಧತಿ ಗೊತ್ತಿತ್ತು. ಅವಳು ಪಾತ್ರೆ ಇಳಿಸಿ, ಎಯೆಂಗಾಳ ಕಿವಿಯಿಂದ ಚಿಪ್ಪು ತೆಗೆದು ತನ್ನ ಕಿವಿಗೆ ಹಚ್ಚಿಕೊಂಡು, ತನ್ನನ್ನು ಅಣಕಿಸುವ ಎಯೆಂಗಾಳನ್ನೇ ಅಣಕಿಸಿದಳು. ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು, ತೊಡೆ ತಟ್ಟಿದರು. ಆಟ ಮುಗಿಯಿತು.

ಆದರೆ ಇಲ್ಡಿಕೊ ನಕ್ಕದ್ದು ಚಿಪ್ಪಿಗೆ ಮತ್ತು ಎಡವುವುದಕ್ಕೆ. ಒಂದೇ ಸೊಲ್ಲಿಗೆ ಇಡೀ ಸಾಲು ಗಂಟುಬಿದ್ದದ್ದು ಅವಳಿಗೆ ಇಂಪಾಗಿಯೇ ಕೇಳಿಸಿತ್ತು.

ಅದನ್ನು ಬಿಡಿಸಿ ಹೇಳುವ ಕೆಲಸ ಮುದುಕ ಮೊಕೆಲೊನ ಪಾಲಿಗೆ ಬಂತು. ದಿನವೂ ಖಾಲಿ ಬಲೆ ನೋಡಿ ಬೇಸತ್ತ ಹೆಂಗಸರು ಅಂದು ಗಂಡಸರನ್ನಷ್ಟೇ ಬೇಟೆಗೆ ಅಟ್ಟಿದ್ದರು. ಹೊತ್ತು ಓರೆಯಾಗುವಾಗ ಗಂಡಸರು ಹೆಗಲ ಮೇಲೆ ಬಲೆ, ಬಲೆಯೊಳಗೆ ಗಾಳಿ ಹೊತ್ತುಕೊಂಡು ಬಂದರು. ಮೊಕೆಲೊ ಬಲೆಗಾರರಿಗೆಲ್ಲ ಹಿರಿಯ. ಅವನು ತನ್ನ ದಿಮ್ಮಿಯ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಮಾತು ಶುರುಮಾಡಿದ.

"ಕೇಳ್ರವ್ವ, ಕೇಳ್ರಪ್ಪ. ಇವತ್ತೂ ಏನೂ ಬೀಳ್ಲಿಲ್ಲ. ಬಲೆಗೆ ಸಿಕ್ಕಿದ್ದು ನನ್ನ ಕಾಲೊಂದೇ."

"ಅದನ್ನೇ ಬೇಯಿಸ್ಲಾ ತಾತ?" ಎಂದಳು ಎಯೆಂಗಾ. "ಮಾಂಸ ಕಮ್ಮಿ, ಸಾರಿಗೆ ಆಗುತ್ತೆ."

"ನಗಿ, ನಗಿ. ಬೇಟೆ ಹಾಡು ಅನ್ನೋದು ಬಲೆ ಇದ್ದ ಹಾಗೆ ಕಣ್ರವ್ವ. ಒಬ್ಬೊಬ್ರೂ ಒಂದೊಂದು ಎಳೆ ಹಿಡಿದ್ರೆ ಕಾಡು ಮುಚ್ಚುತ್ತೆ. ಇಬ್ರು ಒಂದೇ ಎಳೆ ಹಿಡಿದ್ರೆ ಇನ್ನೊಂದು ಕಡೆ ತೂತು. ಆ ತೂತಲ್ಲೇ ನಮ್ಮ ಜಿಂಕೆ ಓಡೋಗ್ತಿರೋದು." ಅವನು ಕೆಮ್ಮಿ, ಉಗುಳಿ, ಮುಂದುವರಿಸಿದ. "ನಮ್ಮಲ್ಲೊಬ್ಳು ಅವಳೆ. ಒಳ್ಳೆಯವಳೇ. ನನಗೆ ಉಪ್ಪು ಕೊಟ್ಟವಳೆ. ಆದ್ರೆ ಪಕ್ಕದವಳ ಬಾಯಿಗೇ ಕೈ ಹಾಕ್ತಾಳೆ. ಅವಳು ಬಂದಾಗಿಂದ ಹಾಡಲ್ಲಿ ತೂತು."

ಇಲ್ಡಿಕೊಳ ಮುಖ ಇನ್ನಷ್ಟು ಕೆಂಪಾಯಿತು. ಈ ಸಲದ ಮಾತು ಪೂರ್ತಿ ಅರ್ಥವಾಗಿತ್ತು. ಅವಳು ಕೂತಲ್ಲಿಂದಲೇ, "ಹಾಗಾದ್ರೆ ನಾನು ಹಾಡಲ್ಲ ತಾತ. ಸುಮ್ಮನೆ ಕೂತ್ಕೊಂಡು ಕೇಳ್ತೀನಿ," ಎಂದಳು.

ಡಿಂಬಾ ಕೂಸನ್ನು ಮಗ್ಗುಲು ಬದಲಿಸಿ ಅವಚಿಕೊಂಡಳು.

"ಹಾಡೋ ಕಡೆ ಸುಮ್ಮನೆ ಕೂತು ಕೇಳೋದು ಚಿರತೆ ಕಣವ್ವ," ಎಂದ ಮೊಕೆಲೊ, ಮೆಲ್ಲಗೆ. "ಹಾಡ್ಬೇಕು, ಇಲ್ಲಾ ಹೋಗ್ಬೇಕು. ನಾಳೆ ಬೆಳಿಗ್ಗೆ ಹೆಂಗಸರೆಲ್ಲ ಹೊಳೇಲಿ ಹಾಡಿ ಕಾಡಿನ ಬಾಗ್ಲು ತೆಗೀರಿ. ಬಲೆ ತುಂಬಿದ್ರೆ ಇವಳಿರ್ಲಿ. ಇಲ್ದಿದ್ರೆ ನಾಳಿದ್ದು ಮರ ಸಾಗಿಸೋ ಲಾರಿ ಬರುತ್ತೆ, ಹತ್ಕೊಂಡು ಬಾಂಗಿ ಪೇಟೆಗೆ ಹೋಗ್ಲಿ. ನಾನು ಹೇಳಿದ್ದಾಯ್ತು."

"ಲಾರಿ ಬಂದ್ರೆ ನೀನೂ ಹತ್ಕೊ ತಾತ," ಎಂದು ಯಾರೋ ಹೆಂಗಸು ಹೇಳಿದಳು. ಯಾರೂ ನಗಲಿಲ್ಲ. ಬೇಯಿಸಲು ಕೊಕೊ ಸೊಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ, ಮುದುಕನ ಮಾತು ಹಸಿದ ಹೊಟ್ಟೆಗಳಿಗೆ ಸರಿಯಾಗಿಯೇ ಹೊಕ್ಕಿತ್ತು. ಹಾಡು ಅವರದು, ಪಾಡು ಇವಳದು.

ಎಯೆಂಗಾ ಸೊಪ್ಪು ಹೆಚ್ಚುತ್ತಿದ್ದಳು. ಎಲೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಚಾಕುವಿನಿಂದ ದಾರದಷ್ಟು ಸಣ್ಣಗೆ ಎಳೆ ತೆಗೆಯುವ ಕೆಲಸ. ಇಲ್ಡಿಕೊ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಅಕ್ಕ, ನಂಗೆ ಹೇಳ್ಕೊಡು."

"ಸೊಪ್ಪು ಹೆಚ್ಚೋದಾ?"

"ಹಾಡೋದು."

"ಅದನ್ನ ಹೆಂಗೆ ಹೇಳ್ಕೊಡ್ಲಿ? ನಾಳೆ ಬಂದು ನಿದ್ದೆ ಮಾಡೋದು ಹೇಳ್ಕೊಡು ಅಂತೀಯ."

ಇಲ್ಡಿಕೊ ತನ್ನ ರೆಕಾರ್ಡರನ್ನು ತಂದು ಗುಂಡಿ ಒತ್ತಿದಳು. ಹೋದ ತಿಂಗಳ ಎಯೆಂಗಾ ಪೆಟ್ಟಿಗೆಯೊಳಗಿಂದ ಹಾಡತೊಡಗಿದಳು. ಎದೆಯಿಂದ ನೆತ್ತಿಗೆ ಹಾರಿ, ನೆತ್ತಿಯಿಂದ ಜಾರಿ, ಮತ್ತೆ ಹಾರುವ ದನಿ. ಇಲ್ಡಿಕೊ ಕಣ್ಣು ಮುಚ್ಚಿ ಜೊತೆಗೂಡಿದಳು. ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಪೆಟ್ಟಿಗೆಯ ಎಯೆಂಗಾ ಯಾರು, ಇಡ್ಕೋ ಯಾರು ಎಂದು ತಿಳಿಯದೆ ಸ್ವತಃ ಎಯೆಂಗಾಳ ಗಂಡ ತಿರುಗಿ ನೋಡಿದ. ಅವಳ ಊರಿನ ಹಾಡುವ ಮೇಳದಲ್ಲಿ ಚಿಕ್ಕಂದಿನಿಂದ ಅವಳಿಗೆ ಸಿಕ್ಕ ಹೊಗಳಿಕೆಯೇ ಅದು: ನಲವತ್ತು ಜನ ಸೇರಿ ಹಾಡಿದರೂ ಈ ಹುಡುಗಿಯ ದನಿ ಬೇರೆಯಾಗಿ ಕೇಳುವುದೇ ಇಲ್ಲ. ಅದೇ ಗುಣಕ್ಕೆ ಅವಳಿಗೆ ಅಲ್ಲಿ ಬಹುಮಾನಗಳು ಬಂದಿದ್ದವು. ಇಲ್ಲಿ ಅದೇ ಗುಣಕ್ಕೆ ಲಾರಿ ಬರುತ್ತಿತ್ತು.

ಎಯೆಂಗಾ ಚಾಕು ನಿಲ್ಲಿಸಿ ಪೂರ್ತಿ ಕೇಳಿದಳು. ಅವಳಿಗೆ ಖುಷಿಯೂ ಆಗಿತ್ತು, ಮೈ ಜುಮ್ಮೆಂದೂ ಇತ್ತು.

"ನಾನು ಇನ್ನೂ ಬದುಕಿದೀನಿ ಕಣೆ. ನೀನ್ಯಾಕೆ ನಾನಾಗ್ಬೇಕು?"

"ನೀನು ಚೆನ್ನಾಗಿ ಹಾಡ್ತೀಯಲ್ಲ."

"ಹಂಗಂತ ನಾನಿರೋ ಕಡೆ ಬಂದು ಕೂತ್ಕೊಂಡ್ರೆ? ನನ್ನ ಗಂಡನ ಪಕ್ಕಾನೂ ಮಲಗ್ತೀಯೇನು?"

"ಮಲಗ್ಲಿ ಬಿಡು," ಎಂದ ಗಂಡ ಆಚೆ ಕಡೆಯಿಂದ. "ಇವಳಾದ್ರೂ ಗೊರಕೆ ಹೊಡೆಯಲ್ಲ."

ಎಯೆಂಗಾ ಒಂದು ಹಿಡಿ ಸೊಪ್ಪಿನ ಕಡ್ಡಿ ಅವನತ್ತ ಎಸೆದಳು. ಇಲ್ಡಿಕೊ ನಗಲಿಲ್ಲ. ರೆಕಾರ್ಡರನ್ನು ನಿಲ್ಲಿಸಿ ಹೇಳಿದಳು: "ಅರ್ಥ ಆಗುತ್ತೆ ಅಕ್ಕ. ಬೇರೆ ಹಾಡ್ಬೇಕು ಅಂತ ಬಾಯಿ ತೆಗೀತೀನಿ. ಅಷ್ಟರಲ್ಲಿ ಕಿವಿ ಹೋಗಿ ನಿನ್ನ ದನಿ ಹಿಡ್ಕೊಂಡ್ಬಿಡುತ್ತೆ. ಬಿಡು ಅಂದ್ರೆ ಬಿಡಲ್ಲ. ಈ ಪೆಟ್ಟಿಗೇಲಿ ನಿಮ್ಮ ಹಾಡು ತುಂಬ್ಕೊಂಡಿದೆ. ನಾನು ಮಾತ್ರ ಒಂದು ಹಾಡಲ್ಲೂ ಇಲ್ಲ. ಹೀಗೇ ಲಾರಿ ಹತ್ತಿದ್ರೆ..."

ಎಯೆಂಗಾ ಚಾಕು ಕೆಳಗಿಟ್ಟಳು. ಹೆಚ್ಚಿದ ಸೊಪ್ಪನ್ನು ಮಡಕೆಗೆ ಸುರಿದು, ಕೈಗೆ ಅಂಟಿದ ಹಸಿರನ್ನು ತೊಡೆಗೆ ಒರೆಸಿಕೊಂಡಳು. ಮಡಕೆ ಕುದಿಯುವಾಗಲೂ ಏನೋ ಲೆಕ್ಕ ಹಾಕುವವಳಂತೆ ಕೆನ್ನೆ ಊದಿಸಿ, ಇಳಿಸಿ, ಮತ್ತೆ ಊದಿಸುತ್ತಿದ್ದಳು. ಗಂಡ, "ಹಲ್ಲು ನೋವಾ?" ಎಂದು ಕೇಳಿದ.

ಬೆಳಿಗ್ಗೆ ಹೊಳೆಯ ಮೇಲೆ ಮಂಜು ಎದ್ದಿತ್ತು. ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಸುತ್ತುಗಟ್ಟಿದರು. ಡಿಂಬಾಳ ಕೂಸು ದಡದಲ್ಲಿ ಅಜ್ಜಿಯ ಮಡಿಲಿನಲ್ಲಿತ್ತು. ಗಂಡಸರು ಬಲೆ ಹೊತ್ತು ಮರಗಳ ಆಚೆ ನಿಂತಿದ್ದರು; ಹೆಂಗಸರು ನೀರಿನಲ್ಲಿರುವಾಗ ಅವರು ಕೇಳಬಹುದು, ನೋಡುವಂತಿಲ್ಲ. ಎಯೆಂಗಾ ಇಲ್ಡಿಕೊಳ ತೋಳು ಹಿಡಿದು ತನ್ನ ಬಲಕ್ಕೆ ನಿಲ್ಲಿಸಿಕೊಂಡಳು. ಇಲ್ಡಿಕೊಳ ಇನ್ನೊಂದು ಪಕ್ಕಕ್ಕೆ ಡಿಂಬಾ ಬಂದಳು. ಕನ್ನಡಕ ದಡದ ಕಲ್ಲಿನ ಮೇಲಿತ್ತು. ರೆಕಾರ್ಡರು ಬಿಡಾರದಲ್ಲೇ ಉಳಿದಿತ್ತು.

ಮೊದಲು ನೀರನ್ನು ಬಾರಿಸಿದರು. ಬೊಗಸೆ ಮಾಡಿದ ಕೈ ನೀರಿನೊಳಗೆ ಗಾಳಿಯನ್ನು ಸೆಳೆದೊಯ್ದು ಒಡೆದಾಗ ಬುಂ ಎಂದು ಎದೆಗೆ ಬಡಿಯುವ ಸದ್ದು. ಒಬ್ಬಳದು ಬಿದ್ದಲ್ಲಿ ಇನ್ನೊಬ್ಬಳದು ಬೀಳದೆ, ನಡುನಡುವೆ ಹೊಕ್ಕು, ಹೊಳೆಯೇ ನಡೆಯತೊಡಗಿತು. ಇಲ್ಡಿಕೊಳ ಕೈ ಈ ಕೆಲಸವನ್ನು ಚೆನ್ನಾಗಿ ಕಲಿತಿತ್ತು. ಆಮೇಲೆ ಆಚೆ ಬದಿಯ ಮುದುಕಿ ಹಾಡು ತೆಗೆದಳು. ಮಾತಿಲ್ಲದ ಹಾಡು, ಬರೀ ಓ, ಏ, ಈ. ಒಬ್ಬೊಬ್ಬರೇ ಸೇರಿಕೊಂಡರು. ಎಯೆಂಗಾ ಎಲ್ಲರ ಮೇಲಿನಿಂದ ಒಂದು ಸೊಲ್ಲು ಎಸೆದಳು. ಎಸೆದಾಗಲೇ ಅದು ಇಲ್ಡಿಕೊಳ ಬಾಯಿಯಲ್ಲೂ ಇತ್ತು.

ಎಯೆಂಗಾ ಹಾರಿ ಬೇರೆ ಸೊಲ್ಲಿಗೆ ಹೋದಳು. ಇಲ್ಡಿಕೊ ಹಿಂದೆಯೇ ಹೋದಳು. ಹೋದದ್ದು ಗೊತ್ತಾಗಿ ತುಟಿ ಕಚ್ಚಿದಳು, ಬಿಟ್ಟಳು, ಮತ್ತೆ ಅಲ್ಲೇ ಇದ್ದಳು. ಎಯೆಂಗಾ ಕೆಳಗಿಳಿದಳು, ಇವಳೂ ಇಳಿದಳು. ಎಯೆಂಗಾ ಒಂದು ಸುತ್ತು ಬಿಟ್ಟು ಅಡ್ಡದಿಂದ ಬಂದಳು, ಇವಳೂ ಅಡ್ಡದಿಂದ ಬಂದಳು. ಎದುರು ಸಾಲಿನ ಹೆಂಗಸರ ಮುಖದಲ್ಲಿ ಬೇಸರ ಇಣುಕಿತು. ಹಾಡು ಹರಿಯುತ್ತಿತ್ತು, ಆದರೆ ಒಂದು ಕಾಲು ಎಳೆಯುತ್ತ.

ಆಗ ಎಯೆಂಗಾ ಇಲ್ಡಿಕೊಳ ತಲೆಯ ಮೇಲಿನಿಂದ ಡಿಂಬಾಳನ್ನು ನೋಡಿದಳು. ಕೆನ್ನೆ ಊದಿಸಿದಳು. ಸೊಲ್ಲು ಅರ್ಧದಲ್ಲಿರುವಾಗಲೇ ಮುಳುಗಿಬಿಟ್ಟಳು.

ನೀರು ಮುಚ್ಚಿಕೊಂಡಿತು. ಇಲ್ಡಿಕೊಳ ದನಿ ಬಳ್ಳಿ ಕಿತ್ತುಬಂದ ಕೈಯಂತೆ ಗಾಳಿಯಲ್ಲಿ ತಡಕಾಡಿತು. ತಟ್ಟನೆ ಬಲಕ್ಕೆ, ಡಿಂಬಾಳತ್ತ ತಿರುಗಿದಳು. ಡಿಂಬಾ ಮೂಗು ಹಿಡಿದುಕೊಂಡು ಆಗಲೇ ಇಳಿಯುತ್ತಿದ್ದಳು. ಅವಳ ಕೂದಲಿನ ಮೇಲೆ ಒಂದೆರಡು ಗುಳ್ಳೆ ಎದ್ದವು, ಅಷ್ಟೆ. ಈ ಕಡೆ ಯಾರೂ ಇಲ್ಲ, ಆ ಕಡೆ ಯಾರೂ ಇಲ್ಲ. ದೂರದ ಸಾಲಿನ ದನಿಗಳು ಒಂದರೊಳಗೊಂದು ಹೆಣೆದುಕೊಂಡು ಮಂಜಿನೊಳಗಿಂದ ಬರುತ್ತಿದ್ದವು. ಅದರಿಂದ ಒಂದನ್ನು ಬಿಡಿಸಿ ತೆಗೆಯುವುದು ಸಾಧ್ಯವಿರಲಿಲ್ಲ. ಅವಳ ಕೈ ಮಾತ್ರ ನಿಲ್ಲದೆ ನೀರನ್ನು ಬಡಿಯುತ್ತಿತ್ತು.

ಒಂದು ಸುತ್ತು ಹಾಗೇ ಹೋಯಿತು. ಬಾಯಿ ತೆರೆದಿದ್ದರೂ ದನಿ ಬರಲಿಲ್ಲ. ಇನ್ನೊಂದು ಸುತ್ತು ಬಂತು. ಎಲ್ಲರ ದನಿಯೂ ಮೇಲೆ, ಮರದ ತುದಿಯಲ್ಲಿ ಆಡುತ್ತಿತ್ತು. ಕೆಳಗೆ, ನೀರಿನ ಸದ್ದಿಗೂ ಹಾಡಿಗೂ ನಡುವೆ, ಒಂದು ದೊಡ್ಡ ಜಾಗ ಬರಿದಾಗಿ ಬಿದ್ದಿತ್ತು. ಇಲ್ಡಿಕೊಳ ಗಂಟಲಿನ ತಳದಿಂದ ಒಂದು ದಪ್ಪ ದನಿ ಹೊರಬಂತು. ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿದರೆ ಬರುವಂಥದು, ಸ್ವಲ್ಪ ಒಡಕು. ಮೇಳದಲ್ಲಿ ಅವಳು ನಾಚಿ ಎಂದೂ ಆಚೆ ಬಿಡದಿದ್ದ ದನಿ. ಅದು ಎರಡೇ ಹೆಜ್ಜೆ ಇಟ್ಟಿತು, ನಿಂತಿತು. ನೀರು ಬುಂ ಎಂದಿತು. ಮತ್ತೆ ಎರಡು ಹೆಜ್ಜೆ ಇಟ್ಟು, ಕೊನೆಯಲ್ಲಿ ತುಸು ತಿರುವು ಕೊಟ್ಟಿತು. ಯಾರ ಬಾಯಿಂದಲೂ ಬಿದ್ದದ್ದಲ್ಲ ಅದು.

ಎದುರು ಸಾಲಿನ ಮುದುಕಿಯ ಹುಬ್ಬು ಮೇಲೇರಿತು. ಅವಳು ಹಿಡಿದಿದ್ದ ಎಳೆಯನ್ನು ಬಿಟ್ಟು ಈ ದಪ್ಪ ದನಿಯ ಹೆಗಲ ಮೇಲೆ ಕಾಲಿಟ್ಟವಳಂತೆ ಮೇಲಕ್ಕೆ ಹತ್ತಿದಳು. ಅವಳ ಪಕ್ಕದವಳು ಅವಳು ಬಿಟ್ಟ ಜಾಗಕ್ಕೆ ಬಂದಳು. ಸುತ್ತು ಇಡೀ ಸರಿದು ಕೂತಿತು. ಡಿಂಬಾ ಉಸಿರುಗಟ್ಟಿ ಮೇಲೆದ್ದು, ಮೂಗಿನಿಂದ ನೀರು ಸುರಿಸುತ್ತ ಒಂದು ಗಳಿಗೆ ಬೆಪ್ಪಾಗಿ ಕೇಳಿ, ಚಕ್ಕನೆ ಒಂದು ಸಣ್ಣ ಕೀಚಲು ಸೊಲ್ಲಿನಿಂದ ಒಳಹೊಕ್ಕಳು.

ಎಯೆಂಗಾ ಕೊನೆಗೆ ಎದ್ದಳು. ಉಸಿರು ಹಿಡಿಯುವುದರಲ್ಲೂ ಅವಳೇ ಮುಂದು. ತನ್ನ ಎಂದಿನ ಸೊಲ್ಲಿಗೆ ಬಾಯಿ ತೆರೆದಳು. ಅಲ್ಲಿ ಆಗಲೇ ಮುದುಕಿ ಇದ್ದಳು. ಕೆಳಗಿನದಕ್ಕೆ ಹೋದಳು, ಅಲ್ಲಿ ಇಡ್ಕೋ ಗಟ್ಟಿಯಾಗಿ ಕಾಲೂರಿ ನಿಂತಿದ್ದಳು. ಪಕ್ಕಕ್ಕೆ ಜಾರಿದಳು, ಡಿಂಬಾ ಜಾಗ ಕೊಡಲಿಲ್ಲ. ಬಿಡಾರದಲ್ಲೇ ದೊಡ್ಡ ಹಾಡುಗಾತಿ ದಾರಿಗಾಗಿ ತಡಕಾಡುವುದನ್ನು ಆ ಹೊಳೆ ನೋಡಿದ್ದು ಅದೇ ಮೊದಲು. ಎಯೆಂಗಾ ನೀರಿನಲ್ಲಿ ನಿಂತು ನಕ್ಕಳು. ನಗುತ್ತಲೇ, ಹುಡುಗಿಯಾಗಿದ್ದಾಗ ಹಾಡಿ ಮರೆತಿದ್ದ ಯಾವುದೋ ಅಂಕುಡೊಂಕು ಸೊಲ್ಲನ್ನು ಎಲ್ಲಿಂದಲೋ ಹೆಕ್ಕಿ ತಂದು ಎಲ್ಲರ ಮಧ್ಯೆ ಎಸೆದಳು. ಹಾಡು ಬಾಯ್ತೆರೆಯಿತು. ಮಂಜು ಕದಲಿತು. ದಡದ ಅಜ್ಜಿ ಕೂಸಿನ ಸಮೇತ ಎದ್ದು ಕುಣಿಯತೊಡಗಿದಳು.

ಮರಗಳಾಚೆ ಮೊಕೆಲೊ ಕೈಯೆತ್ತಿ ಗಂಡಸರ ಪಿಸುಮಾತು ನಿಲ್ಲಿಸಿದ.

"ಯಾವ ಬಿಡಾರದವಳು ಬಂದಿರೋದು?"

"ಯಾರು ತಾತ?"

"ಕೆಳಗಡೆಯಿಂದ ಹಾಡ್ತಾ ಅವಳಲ್ಲ, ದಪ್ಪ ದನಿಯವಳು. ನಮ್ಮವಳಲ್ಲ ಅದು."

"ಹೊಳೆ ಆಚೆ ಕಡೆಯವಳಿರ್ಬೇಕು," ಎಂದ ಎಯೆಂಗಾಳ ಗಂಡ. "ಒಳ್ಳೆ ಮೈಕೈ ತುಂಬಿರೋ ಹೆಂಗಸು, ಕೇಳಿದ್ರೇ ಗೊತ್ತಾಗುತ್ತೆ."

"ನೆಂಟರು ಬಂದು ಹಾಡಿದ್ರೆ ಬೇಟೆ ಸಿಕ್ಕೇ ಸಿಗುತ್ತೆ. ಕಟ್ರೋ ಬಲೆ."

ಹೆಂಗಸರು ನೀರು ಸುರಿಸಿಕೊಂಡು ಮೇಲೆ ಬಂದಾಗ ಮೊಕೆಲೊ ಒಬ್ಬೊಬ್ಬರ ಮುಖವನ್ನೂ ನೋಡಿದ. "ನೆಂಟ್ರೆಲ್ಲಿ?" ಎಂದು ಕೇಳಿದ.

ಎಯೆಂಗಾ ಗಂಭೀರವಾಗಿ ತುಟಿ ಚಾಚಿ ಹಿಂದಕ್ಕೆ ತೋರಿಸಿದಳು. "ಬರ್ತಾ ಅವಳೆ ತಾತ. ಅಲ್ಲಿ, ಎಡವಿದ್ಳು ನೋಡು, ಅವಳೇ."

ಮೊಕೆಲೊ ನೋಡಿದ. ಇಲ್ಡಿಕೊ ಬೇರಿನ ಹತ್ತಿರ ಬಗ್ಗಿ, ಬಿದ್ದ ಕನ್ನಡಕ ಹುಡುಕುತ್ತಿದ್ದಳು. ಮುದುಕನ ಬಾಯಿ ತೆರೆದೇ ಇತ್ತು. ಗಂಡಸರು ಎಯೆಂಗಾಳ ಗಂಡನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕರು. "ಮೈಕೈ ತುಂಬಿದೆಯೇನೋ? ಹೋಗಿ ಹತ್ತಿರದಿಂದ ನೋಡೋ." ಮೊಕೆಲೊ ಬಾಯಿ ಮುಚ್ಚಿ, ಬಲೆಯನ್ನು ಹೆಗಲಿಗೆ ಏರಿಸಿ, ಯಾರಿಗೂ ಕಾಯದೆ ಕಾಡು ಹೊಕ್ಕ.

ಆ ದಿನ ಬಲೆಗಳು ಅರ್ಧಚಂದ್ರದಂತೆ ನಿಂತ ಮೇಲೆ ಕಾಡು ಏನನ್ನೂ ಬಚ್ಚಿಡಲಿಲ್ಲ. ಹೆಂಗಸರು ಪೊದೆ ಬಡಿದು ಕೂಗುತ್ತ ಬಂದರೆ, ಮೊಲಕ್ಕಿಂತ ತುಸು ದೊಡ್ಡದಾದ ನೀಲಿ ಬೊಲೊಕೊ ಜಿಂಕೆಗಳು ಎಲೆ ಚಿಮ್ಮಿಸುತ್ತ ನೇರ ಬಲೆಗೇ ನುಗ್ಗಿದವು. ಒಂದು ಕಡೆ ಡಿಂಬಾಳ ಗಂಡ ಒಂದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಅವನ ಬೆನ್ನಿಗೇ ಡಿಕ್ಕಿ ಹೊಡೆಯಿತು. ಒಂದು ಮುಳ್ಳುಹಂದಿಯೂ ಸಿಕ್ಕಿತು. ಮರಳುವಾಗ ಹೆಂಗಸರ ಬುಟ್ಟಿಗಳು ಹಣೆಪಟ್ಟಿ ಜಗ್ಗುವಷ್ಟು ತೂಗುತ್ತಿದ್ದವು, ಇಲ್ಡಿಕೊಳ ಬುಟ್ಟಿಯೂ. ಹೊಗೆ ಎದ್ದು, ಮಾಂಸ ಹಂಚಿ, ಎಲ್ಲರ ತುಟಿಗೂ ಜಿಡ್ಡು ಹತ್ತಿದ ಮೇಲೆ ಮೊಕೆಲೊ ತನ್ನ ದಿಮ್ಮಿಯ ಮೇಲೆ ಕೂತ. ಮತ್ತೆ ಯಾರ ಮುಖವನ್ನೂ ನೋಡಲಿಲ್ಲ.

"ಕೇಳ್ರವ್ವ, ಕೇಳ್ರಪ್ಪ. ನಮ್ಮ ಹೆಂಗಸರಿಗೆ ನಾಚಿಕೆ ಅನ್ನೋದಿಲ್ಲ. ಹಾಡೋ ಹೆಣ್ಣನ್ನ ಬಟ್ಟೆ ಚೀಲದಲ್ಲಿ ಮಲಗಿಸ್ತಾ ಇದೀರ. ಅವಳೇನು ಉಪ್ಪಾ?"

ಇಲ್ಡಿಕೊಳ ಡೇರೆಯತ್ತ ಎಲ್ಲರೂ ತಿರುಗಿ ನೋಡಿದರು. ಅದು ಬಿಡಾರದ ಅಂಚಿನಲ್ಲಿ, ಜಿಪ್ ಎಳೆದುಕೊಂಡು, ಕಿತ್ತಳೆ ಬಣ್ಣದ್ದಾಗಿ ಕೂತಿತ್ತು.

"ನಿನ್ನೆ ಅವಳನ್ನ ಲಾರಿ ಹತ್ತಿಸ್ತಿದ್ದೋರು ಯಾರಪ್ಪ?" ಎಂದಳು ಎಯೆಂಗಾ.

"ಯಾರೋ ಮುದುಕ ಇರ್ಬೇಕು," ಎಂದ ಮೊಕೆಲೊ, ಮೂಳೆ ಚೀಪುತ್ತ. "ಮುದುಕರ ಮಾತು ಯಾಕೆ ಕೇಳ್ತೀರ."

ಮಾರನೆಯ ದಿನ ಲಾರಿ ಬಂದು, ಕಾಡಂಚಿನಲ್ಲಿ ಸ್ವಲ್ಪ ಹೊತ್ತು ಕೂಗಿ, ಹೊರಟುಹೋಯಿತು. ಹೆಂಗಸರಿಗೆ ಅದನ್ನು ಕೇಳುವ ಪುರುಸೊತ್ತಿರಲಿಲ್ಲ. ಇಲ್ಡಿಕೊಗೊಂದು ಗುಡಿಸಲು ಕಟ್ಟಲು ಎಳೆ ಗಿಡಗಳನ್ನು ಕಡಿದು ತಂದು, ನೆಲದಲ್ಲಿ ಊರಿ, ಬಗ್ಗಿಸಿ, ತುದಿಗಳನ್ನು ಒಂದಕ್ಕೊಂದು ಹೆಣೆಯುತ್ತಿದ್ದರು. ಡಿಂಬಾ ಎಲೆಗಳ ತೊಟ್ಟನ್ನು ಸೀಳಿ ಕೊಡುತ್ತಿದ್ದಳು. ಇಲ್ಡಿಕೊ ಅವುಗಳನ್ನು ಕೆಳಗಿನಿಂದ ಮೇಲಕ್ಕೆ, ಸಾಲಿನ ಮೇಲೆ ಸಾಲಾಗಿ, ಸಿಕ್ಕಿಸುತ್ತ ಹೋದಳು. ಅವಳ ಒಂದು ಸಾಲು ಸೊಟ್ಟಗೆ ಬಂತು. ಎಯೆಂಗಾ ಅದನ್ನು ನೋಡಿದಳು, ಕೀಳಲಿಲ್ಲ. ಮೇಲಿನ ಸಾಲನ್ನು ಅದಕ್ಕೆ ಹೊಂದುವಂತೆ ತಾನೇ ಓರೆಯಾಗಿ ಸಿಕ್ಕಿಸಿದಳು.

ಬಾಗಿಲಿಗೆ ಇನ್ನೂ ಎಲೆ ಹೊದಿಸುವುದಿತ್ತು. ಎಯೆಂಗಾ ಯಾರನ್ನೂ ಕೇಳದೆ ಒಳಗೆ ನುಸುಳಿ, ಹಸಿ ನೆಲದ ಮೇಲೆ ಮಲಗಿ, ಅಲ್ಲೇ ನಿದ್ದೆಹೋದಳು. ಒಳಗೆ ಜಾಗ ಸಾಲದೆ ಅವಳ ಪಾದಗಳು ಹೊಸ್ತಿಲಿನಾಚೆ ಬಿಸಿಲಿಗೆ ಬಿದ್ದಿದ್ದವು. ಗೊರಕೆ ಶುರುವಾಯಿತು. ಇಲ್ಡಿಕೊ ಬಾಗಿಲ ಪಕ್ಕ ಕೂತು, ಮಡಿಲಿನ ಎಲೆಗಳ ತೊಟ್ಟು ಸೀಳುತ್ತ, ಆ ಪಾದಗಳಿಗೆ ಹತ್ತುವ ಇರುವೆಗಳನ್ನು ಒಂದೊಂದಾಗಿ ಬೆರಳಿನಿಂದ ಚಿಮ್ಮುತ್ತಿದ್ದಳು.